ಬಿಸಿಲು ನಮ್ಮದು, ಬೆಸುಗೆ ಹಾಕುವ ಕೈ ಎಲ್ಲಿ?

ಜನವರಿಯ ಒಂದು ಬೆಳಗ್ಗೆ ನಮ್ಮ ಕೇರಿಯಲ್ಲಿ ನಡೆದು ಹೋದರೆ ವಿಚಿತ್ರವಾದ ನೋಟವೊಂದು ಕಣ್ಣಿಗೆ ಬೀಳುತ್ತದೆ. ಹಲವು ಮನೆಗಳ ಅಂಗಳದ ಅಂಚಿನಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಸೋಲಾರ್ ಬಿಸಿನೀರಿನ ಟ್ಯಾಂಕು ದಕ್ಷಿಣಕ್ಕೆ ಮುಖ ಮಾಡಿ ಕುಳಿತಿರುತ್ತದೆ. ಅದೇ ಮನೆಯ ಬಚ್ಚಲಿನ ಗೋಡೆಯಿಂದ ದಟ್ಟವಾದ ಹೊಗೆ ಏಳುತ್ತಿರುತ್ತದೆ. ಬಿಸಿಲಿಗೆ ಕೊರತೆಯಿಲ್ಲ, ಸಲಕರಣೆಗೆ ಕೊರತೆಯಿಲ್ಲ. ಆದರೂ ಹಂಡೆಯ ಒಲೆಗೆ ಕಟ್ಟಿಗೆ ತುರುಕುವುದು ನಿಂತಿಲ್ಲ. ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ: "ಹಾಳಾಗಿ ಮೂರು ವರ್ಷವಾಯಿತು, ಸರಿ ಮಾಡುವವರು ಸಿಗುವುದಿಲ್ಲ."

ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. 2006ರಲ್ಲಿ ಕೂರಿಸಿದ ತಾಮ್ರದ ಕೊಳವೆಯ ಪ್ಯಾನೆಲ್ ಹದಿನೈದು ವರ್ಷಕ್ಕೂ ಮಿಕ್ಕಿ ನೀರು ಕಾಯಿಸಿತು. ಬಳಿಕ ಸೋರತೊಡಗಿತು. ಮಾರಿದ ಅಂಗಡಿಯವರು ಬಂದು ನೋಡುವ ಮೊದಲೇ "ಹೊಸದನ್ನು ಹಾಕಿಸಿಬಿಡಿ" ಎಂದರು. ಅದನ್ನು ಕೂರಿಸಿಕೊಟ್ಟಿದ್ದ ಪಕ್ಕದ ಹಳ್ಳಿಯ ಯುವಕ ಅಷ್ಟರಲ್ಲಿ ದುಬೈ ಸೇರಿದ್ದ. ಎರಡು ಚಳಿಗಾಲವನ್ನು ಕಟ್ಟಿಗೆಯಲ್ಲೇ ಕಳೆದೆವು. ಆತ ರಜೆಯಲ್ಲಿ ಊರಿಗೆ ಬಂದವನು ಒಂದು ಸಂಜೆ ಮನೆಗೂ ಬಂದ. ಪ್ಯಾನೆಲಿನ ಮೂಲೆಯಲ್ಲಿ ಕೊಳವೆಯ ಒಂದು ಜೋಡಣೆ ಬಿಟ್ಟಿತ್ತು. ಬೆಸುಗೆ ಹಾಕಿ, ಒಂದು ವಾಷರು ಬದಲಿಸಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಚಹಾ ಕುಡಿದು ಹೊರಟ. ಆ ಅರ್ಧ ಗಂಟೆಗಾಗಿ ನಾವು ಎರಡು ವರ್ಷ ಕಾದಿದ್ದೆವು. ನಮ್ಮ ಬೆಟ್ಟ ಎರಡು ವರ್ಷದ ಕಟ್ಟಿಗೆ ತೆತ್ತಿತ್ತು.

ಬಿಸಿನೀರಿನ ಪ್ರಶ್ನೆ ಪರಿಸರ ಚಳವಳಿಯ ಪತ್ರಿಕೆಗೆ ತೀರ ಸಣ್ಣದೆಂದು ಕೆಲವರಿಗೆ ಅನಿಸಬಹುದು. ಅಣೆಕಟ್ಟು, ಗಣಿಗಾರಿಕೆ, ಹೆದ್ದಾರಿಗಳ ನಡುವೆ ಸ್ನಾನದ ನೀರಿಗೆ ಯಾವ ಮಹತ್ವ? ಆದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ. ಐದು ಜನರ ಕುಟುಂಬಕ್ಕೆ ದಿನಕ್ಕೆ 100 ಲೀಟರ್ ಬಿಸಿನೀರು ಬೇಕೆಂದು ಹಿಡಿಯಿರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಬೇಕು. 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು 4,000 ಕಿಲೋ ಕ್ಯಾಲೊರಿ. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಿಯಮದ ಪ್ರಕಾರ ಒಂದು ಕಿಲೋ ಕಟ್ಟಿಗೆ ಸಾಕು! ಆದರೆ ನಮ್ಮ ಬಚ್ಚಲೊಲೆ ಕಟ್ಟಿಗೆಯ ಶಾಖದ ಬಹುಪಾಲನ್ನು ಗೋಡೆಗೂ ಗಾಳಿಗೂ ಕೊಡುತ್ತದೆ. ನೂರಕ್ಕೆ ಹದಿನೈದು ಪಾಲು ನೀರಿಗೆ ಸೇರುತ್ತದೆಂದು ಹಿಡಿದರೂ ದಿನಕ್ಕೆ ಸುಮಾರು 7 ಕಿಲೋ ಆಯಿತು. ಬಿಸಿಲು ಚೆನ್ನಾಗಿ ಬೀಳುವ ಇನ್ನೂರು ದಿನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೂ ಒಂದು ಮನೆಯಿಂದ 1,400 ಕಿಲೋ ಕಟ್ಟಿಗೆ ಉಳಿಯುತ್ತದೆ. ಊರಿನ ಮನೆಗಳ ಸಂಖ್ಯೆಯಿಂದ ಓದುಗರೇ ಗುಣಿಸಿಕೊಳ್ಳಲಿ.

"ನಾವು ಕಾಡಿನ ಕಟ್ಟಿಗೆ ಸುಡುವುದಿಲ್ಲ, ತೋಟದ ಕಸ ಸುಡುತ್ತೇವೆ" ಎನ್ನುವವರಿದ್ದಾರೆ. ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ನೋವು ಕೊಡುವ ಮಾತು ಇದೇ. ಅಡಿಕೆ ತೋಟದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಐದೂವರೆಯಿಂದ ಆರು ಟನ್ನಿನಷ್ಟು ಸಾವಯವ ತ್ಯಾಜ್ಯ ಸಿಗುತ್ತದೆಂಬುದು ಸಂಶೋಧನಾ ಕೇಂದ್ರಗಳ ಅಂದಾಜು. ಸೋಗೆ, ಹಾಳೆ, ಸಿಪ್ಪೆ, ಕೊನೆಯ ದಂಟು ಎಲ್ಲವೂ ಇದರಲ್ಲಿ ಸೇರಿವೆ. ಇದನ್ನು ಎರೆಗೊಬ್ಬರ ಮಾಡಿ ಮರಳಿ ಬುಡಕ್ಕೆ ಹಾಕಿದರೆ ತೋಟದ ಅಗತ್ಯದ ಬಹುಭಾಗ ತೋಟದಲ್ಲೇ ಹುಟ್ಟುತ್ತದೆ. ಸುಟ್ಟರೆ ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ ನಿಜ. ಆದರೆ ಸಾರಜನಕ ಮತ್ತು ಇಂಗಾಲ ಹೊಗೆಯಾಗಿ ಹೋಗುತ್ತವೆ. ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಅತ್ಯಂತ ಅಗತ್ಯವಾದುದು ಆ ಇಂಗಾಲವೇ. ನಾಲ್ಕು ತಿಂಗಳು ಸುರಿಯುವ ಮಳೆಯಲ್ಲಿ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಈ ಮಣ್ಣಿಗೆ ಬರುವುದು ಸಾವಯವ ಅಂಶದಿಂದ. ಬಚ್ಚಲಿನಲ್ಲಿ ಸಿಪ್ಪೆ ಸುಟ್ಟು, ಆ ಕೊರತೆ ತುಂಬಲು ಸೊಪ್ಪಿನ ಬೆಟ್ಟದ ಮರಗಳನ್ನು ಬೋಳಿಸಿ ಸೊಪ್ಪು ತಂದು, ಸಾಲದ್ದಕ್ಕೆ ಚೀಲದ ಗೊಬ್ಬರ ಕೊಳ್ಳುವ ನಮ್ಮ ಪದ್ಧತಿಯನ್ನು ಜಾಣತನವೆಂದು ಕರೆಯಲು ಮನಸ್ಸು ಬಾರದು.

ಹಾಗೆಂದು ಹಂಡೆಯನ್ನು ಗುಜರಿಗೆ ಹಾಕಬೇಕೆಂದು ನಾನು ಹೇಳಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಆಕಾಶದಲ್ಲಿ ಸೂರ್ಯನನ್ನು ನಂಬಿ ಕುಳಿತರೆ ತಣ್ಣೀರೇ ಗತಿ. ಆ ತಿಂಗಳುಗಳಲ್ಲಿ ಬಚ್ಚಲೊಲೆ ನೀರು ಕಾಯಿಸುವುದಷ್ಟೇ ಅಲ್ಲ, ಬಟ್ಟೆ ಒಣಗಿಸುತ್ತದೆ, ಕೊಟ್ಟಿಗೆಯಿಂದ ನೆನೆದು ಬಂದವರನ್ನು ಬೆಚ್ಚಗಾಗಿಸುತ್ತದೆ. ಎರಡೂ ಇರಲಿ. ಮಳೆಗಾಲಕ್ಕೆ ಸುಧಾರಿತ ಒಲೆ, ಉಳಿದ ಎಂಟು ತಿಂಗಳಿಗೆ ಬಿಸಿಲು.

ಈಗ ಸಲಕರಣೆಯ ಕಡೆ ಬರೋಣ. ಸೌರ ಬಿಸಿನೀರಿನ ವ್ಯವಸ್ಥೆಯಷ್ಟು ಸರಳವಾದ ಯಂತ್ರ ಮತ್ತೊಂದಿಲ್ಲ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಕಪ್ಪು ಲೇಪನದ ಹಾಳೆ ಬಿಸಿಲನ್ನು ಹೀರುತ್ತದೆ. ಕೊಳವೆಯೊಳಗಿನ ನೀರು ಬಿಸಿಯಾಗಿ ಹಗುರಾಗಿ ಮೇಲಕ್ಕೇರಿ ಟ್ಯಾಂಕಿಗೆ ಸೇರುತ್ತದೆ. ತಣ್ಣೀರು ಭಾರಕ್ಕೆ ಕೆಳಗಿಳಿದು ಅದರ ಜಾಗಕ್ಕೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಆದರೆ ಬಯಲುಸೀಮೆಯ ತಾರಸಿ ಮನೆಗೆ ರೂಪಿಸಿದ ಈ ವ್ಯವಸ್ಥೆಯನ್ನು ಮಲೆನಾಡಿನ ಹಂಚಿನ ಮನೆಗೆ ತರುವಾಗ ಕೆಲವು ಸೂಕ್ಷ್ಮಗಳನ್ನು ಗಮನಿಸಬೇಕಾಗುತ್ತದೆ. ಅದನ್ನು ಬಲ್ಲವನೇ ನಿಜವಾದ ಕುಶಲಕರ್ಮಿ.

ಉದಾಹರಣೆಗೆ ನೀರನ್ನೇ ತೆಗೆದುಕೊಳ್ಳಿ. ಬಯಲುನಾಡಿನ ಕೊಳವೆಬಾವಿಯ ಗಡಸು ನೀರು ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿಸುತ್ತದೆ. ಅಲ್ಲಿನ ಮೆಕ್ಯಾನಿಕ್ ವರ್ಷಕ್ಕೊಮ್ಮೆ ಆಮ್ಲ ಹಾಕಿ ತೊಳೆಯುವುದನ್ನು ಕಲಿತಿರುತ್ತಾನೆ. ನಮ್ಮ ಒರತೆಯ ನೀರು ಮೃದು, ಜೊತೆಗೆ ತುಸು ಆಮ್ಲೀಯ. ಇಲ್ಲಿ ಸುಣ್ಣ ಕಟ್ಟುವುದಿಲ್ಲ, ಲೋಹ ಸವೆಯುತ್ತದೆ. ಟ್ಯಾಂಕನ್ನು ಉಳಿಸುವುದು ಅದರೊಳಗೆ ಕೂರಿಸಿದ ಮೆಗ್ನೀಸಿಯಂ ಸರಳು. ಅದು ತಾನು ಕರಗುತ್ತ ಟ್ಯಾಂಕಿನ ಉಕ್ಕನ್ನು ಕಾಯುತ್ತದೆ. ಅದನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಟ್ಯಾಂಕೇ ತೂತಾಗುತ್ತದೆ. ಹಾಗೊಂದು ಸರಳು ಇದೆಯೆಂಬುದೇ ಬಹಳ ಮನೆಗಳವರಿಗೆ ಗೊತ್ತಿಲ್ಲ. ಇನ್ನು ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ನೇರವಾಗಿ ನೀರು ತರುವ ಮನೆಗಳ ಕಥೆ ಬೇರೆ. ಇಪ್ಪತ್ತು ಮೀಟರ್ ಎತ್ತರದಿಂದ ಇಳಿಯುವ ನೀರು ಚದರ ಸೆಂಟಿಮೀಟರಿಗೆ ಎರಡು ಕಿಲೋ ಒತ್ತಡ ಹಾಕುತ್ತದೆ. ತೆಳು ತಗಡಿನ ಸಾಮಾನ್ಯ ಟ್ಯಾಂಕು ಅದನ್ನು ತಾಳಲಾರದು; ನಡುವೆ ಒಂದು ಸಣ್ಣ ತೊಟ್ಟಿ ಇಟ್ಟು ಒತ್ತಡ ಮುರಿಯಬೇಕು. ಇದನ್ನು ಮಾಡದೆ ಪೈಪು ಜೋಡಿಸಿ ಹೋದವರಿಂದಾಗಿ "ಸೋಲಾರ್ ನಮ್ಮ ಕಡೆಗೆ ಆಗಿಬರುವುದಿಲ್ಲ" ಎಂಬ ಮಾತು ಹುಟ್ಟಿಕೊಂಡಿತು. ಈಚಿನ ವರ್ಷಗಳಲ್ಲಿ ಅಗ್ಗವೆಂದು ಗಾಜಿನ ಕೊಳವೆಯ ಮಾದರಿ ಹರಡಿತು. ಮಂಗಗಳ ಹಿಂಡು ಒಮ್ಮೆ ಹಾದುಹೋದರೆ ಅಥವಾ ಒಂದು ಒಣ ಸೋಗೆ ಬಿದ್ದರೆ ಅದರ ಗತಿ ಏನೆಂದು ಬರೆಯಬೇಕಾಗಿಲ್ಲ. ಒಂದು ಕೊಳವೆ ಒಡೆದರೆ ಟ್ಯಾಂಕಿನ ನೀರೆಲ್ಲ ಖಾಲಿ. ಬದಲಿ ಕೊಳವೆಯ ಬೆಲೆ ದೊಡ್ಡದಲ್ಲ. ರಬ್ಬರಿನ ಉಂಗುರ ಹರಿಯದಂತೆ ಅದನ್ನು ಕೂರಿಸುವ ಕೈ ಬೇಕು.

ಪ್ಲಂಬರ್, ವೆಲ್ಡರ್, ಮಾಡಿನ ಕೆಲಸ ಬಲ್ಲ ಬಡಗಿ, ಸ್ವಲ್ಪ ಎಲೆಕ್ಟ್ರಿಷಿಯನ್ ಇಷ್ಟೂ ಒಬ್ಬನಲ್ಲೇ ಇರಬೇಕಾದ ಕೆಲಸ ಇದು. ಅಂಥವನಿಗೆ ಜಗತ್ತಿನಲ್ಲಿ ಎಲ್ಲೆಡೆ ಬೇಡಿಕೆ ಇದೆಯೆಂಬುದರಲ್ಲಿ ಆಶ್ಚರ್ಯವೇನು?

ನಮ್ಮ ಯುವಕ ದುಬೈಗೆ ಹೋದದ್ದೂ ಇದೇ ಕೆಲಸಕ್ಕೆ. ದುಬೈ ನಗರಾಡಳಿತ 2012ರಲ್ಲಿ ಹೊಸ ವಿಲ್ಲಾಗಳಿಗೆ ಮತ್ತು ಕಾರ್ಮಿಕರ ವಸತಿಗಳಿಗೆ ಸೌರ ಬಿಸಿನೀರಿನ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಇಸ್ರೇಲ್ 1980ರಿಂದಲೇ ಹೊಸ ಮನೆಗಳಿಗೆ ಇದನ್ನು ಕಾನೂನಾಗಿ ಮಾಡಿದೆ. ಆಸ್ಟ್ರೇಲಿಯಾ 2001ರಿಂದ ನವೀಕರಿಸಬಹುದಾದ ಶಕ್ತಿಯ ಪ್ರಮಾಣಪತ್ರಗಳನ್ನು ಸೋಲಾರ್ ಹೀಟರಿಗೂ ನೀಡುತ್ತ ಬಂದಿದೆ. ಅಲ್ಲಿನ ಕುಶಲ ವಲಸೆಯ ಪಟ್ಟಿಯಲ್ಲಿ ಪ್ಲಂಬರನ ಹೆಸರು ಬಹುಕಾಲದಿಂದ ಇದೆ. ಜರ್ಮನಿ ಮನೆಗಳ ತಾಪನ ವ್ಯವಸ್ಥೆಯನ್ನು ತೈಲ, ಅನಿಲಗಳಿಂದ ಬಿಡಿಸಲು 2024ರಲ್ಲಿ ಹೊಸ ನಿಯಮ ತಂದಿತು. ಆ ಕೆಲಸಕ್ಕೆ ತನ್ನಲ್ಲಿ ಜನ ಸಾಲದೆಂಬ ಕೊರಗು ಅದಕ್ಕೆ ಮೊದಲಿನಿಂದಲೂ ಇತ್ತು. 2020ರ ತನ್ನ ಕುಶಲ ಕಾರ್ಮಿಕರ ವಲಸೆ ಕಾಯಿದೆಯನ್ನು 2023ರಲ್ಲಿ ಮತ್ತಷ್ಟು ಸಡಿಲಿಸಿ, 2024ರ ಅಕ್ಟೋಬರ್‌ನಲ್ಲಿ ಭಾರತೀಯ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಶ್ರೀಮಂತ ದೇಶಗಳು ತಮ್ಮ ಹವಾಮಾನದ ಗುರಿಗಳನ್ನು ಮುಟ್ಟಬೇಕಾದರೆ ಬಡ ದೇಶಗಳ ಪ್ಲಂಬರುಗಳು ಬೇಕು ಎಂಬ ಸ್ಥಿತಿ ಬಂದಿದೆ. ಈ ಮಾತನ್ನು ಹವಾಮಾನ ಸಮ್ಮೇಳನಗಳಲ್ಲಿ ಯಾರೂ ಇಷ್ಟು ನೇರವಾಗಿ ಆಡಿದ್ದನ್ನು ನಾನು ಕೇಳಿಲ್ಲ.

ಹೋಗುವವರನ್ನು ಹಳಿಯುವುದು ನಮ್ಮಲ್ಲಿ ಸುಲಭವಾದ ಮಾತಾಗಿದೆ. ಸಭೆಗಳಲ್ಲಿ "ಯುವಕರು ಊರು ಬಿಟ್ಟರು" ಎಂದು ನಿಟ್ಟುಸಿರು ಬಿಡುವವರ ಮಕ್ಕಳೇ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಎಂಜಿನಿಯರ್ ಮಗ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಊರಿಗೆ ಹೆಮ್ಮೆ, ಪ್ಲಂಬರ್ ಮಗ ಮಸ್ಕತ್‌ಗೆ ಹೋದರೆ ಊರಿಗೆ ನಷ್ಟ ಎಂಬುದು ಯಾವ ನ್ಯಾಯ? ಆ ಸಂಜೆ ಚಹಾ ಕುಡಿಯುತ್ತ ನಮ್ಮ ಯುವಕ ಹೇಳಿದ ಮಾತು ನನ್ನನ್ನು ಬಹಳ ದಿನ ಕಾಡಿತು. "ದುಡ್ಡು ಒಂದೇ ಅಲ್ಲ ಸಾರ್. ಅಲ್ಲಿ ನನ್ನ ಕೊರಳಲ್ಲಿ ಗುರುತಿನ ಚೀಟಿ ಇದೆ, ಟೆಕ್ನಿಷಿಯನ್ ಅಂತ ಬರೆದಿದೆ. ಇಲ್ಲಿ ಮನೆಗೆ ಬಂದರೆ ಹಿಂದಿನ ಬಾಗಿಲಿಗೆ ಬಾ ಅಂತಾರೆ. ಕೆಲಸ ಆದ ಮೇಲೆ ಅಡಿಕೆ ಮಾರಿದ ಮೇಲೆ ಕೊಡ್ತೇನೆ ಅಂತಾರೆ." ನಾನು ತಲೆ ತಗ್ಗಿಸಿದೆ. 2006ರಲ್ಲಿ ಆತನಿಗೆ ಕೂಲಿ ಕೊಡಲು ನಾನು ಎಷ್ಟು ದಿನ ತಡ ಮಾಡಿದ್ದೆನೆಂದು ನೆನಪಿಸಿಕೊಳ್ಳುವ ಧೈರ್ಯ ಬರಲಿಲ್ಲ.

ಹೋಗಬಯಸುವ ವಿದ್ಯಾರ್ಥಿಗಳಿಗೆ ಇಲ್ಲಿ ಎರಡು ಮಾತು ಹೇಳಬೇಕು. ಐ.ಟಿ.ಐ. ಮುಗಿಸಿದ ನಮ್ಮ ಹುಡುಗರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ಪಾಸಾಗಿರುತ್ತಾರೆ. ಹಾಗಾಗಿ ಅವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಅಗತ್ಯವಿಲ್ಲ. ಇದನ್ನು ಅನುಕೂಲವೆಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ತಪಾಸಣೆಯ ಗುಂಪಿನಲ್ಲಿರುವವನು ಕೊಲ್ಲಿಯ ದೇಶಗಳಿಗೆ ಹೋಗುವಾಗ ಆತನ ಒಪ್ಪಂದವನ್ನು ಸರ್ಕಾರದ ವಲಸೆ ರಕ್ಷಣಾಧಿಕಾರಿ ನೋಡುತ್ತಾರೆ; ಹತ್ತು ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಆತನಿಗೆ ಕಡ್ಡಾಯ. ತಪಾಸಣೆ ಬೇಡವಾದವನಿಗೆ ಇವೆರಡೂ ತಾನಾಗಿ ಬರುವುದಿಲ್ಲ. ಒಪ್ಪಂದವನ್ನು ತಾನೇ ಓದಬೇಕು, ವಿಮೆಯನ್ನು ತಾನೇ ಮಾಡಿಸಬೇಕು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ಲಕ್ಷಗಟ್ಟಲೆ ಕೇಳುವವನು, ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಿ ಎನ್ನುವವನು ನಿಮ್ಮ ಹಿತೈಷಿಯಲ್ಲ. ತೋಟದ ಪಹಣಿ ಅಡವಿಟ್ಟು ಹೋದವನಿಗೆ ಎರಡು ವರ್ಷದ ದುಡಿಮೆ ಬಡ್ಡಿಗೇ ಸಾಲದಾಗುತ್ತದೆ. ಆಸ್ಟ್ರೇಲಿಯಾ, ಜರ್ಮನಿಗಳ ದಾರಿ ಇನ್ನೂ ಉದ್ದ: ಕೌಶಲ ಪರೀಕ್ಷೆ, ಭಾಷೆ, ಅಲ್ಲಿಗೆ ಹೋದ ಮೇಲೂ ಪೂರ್ಣ ಪರವಾನಗಿ ಸಿಗುವವರೆಗೆ ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ. ಅದು ಕಷ್ಟವಾದರೂ ನೇರವಾದ ದಾರಿ. ಕೆಲಸವನ್ನು ಚೆನ್ನಾಗಿ ಕಲಿತವನಿಗೆ ಮಾತ್ರ ಅದು ತೆರೆಯುತ್ತದೆ.

ಆದರೆ ಎಲ್ಲಿ ಕಲಿಯಬೇಕು? ಇಲ್ಲಿಯೇ ನಮ್ಮ ಸರ್ಕಾರಗಳ ನೀತಿಯ ದೊಡ್ಡ ಬಿರುಕು ಕಾಣುತ್ತದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಮಿಷನ್ 2022ರ ಹೊತ್ತಿಗೆ ಎರಡು ಕೋಟಿ ಚದರ ಮೀಟರ್ ಸೌರ ತಾಪನ ಫಲಕಗಳ ಗುರಿ ಇಟ್ಟಿತ್ತು. ಸೋಲಾರ್ ಹೀಟರಿಗೆ ಕೊಡುತ್ತಿದ್ದ ಕೇಂದ್ರದ ಸಹಾಯಧನ 2014ರಲ್ಲಿ ನಿಂತಿತು. 2015ರಲ್ಲಿ ಬಂದ ಸೂರ್ಯಮಿತ್ರ ತರಬೇತಿ ಐವತ್ತು ಸಾವಿರ ಯುವಕರನ್ನು ಸಿದ್ಧಪಡಿಸುವ ಉದ್ದೇಶ ಹೊಂದಿತ್ತು. ಅದರ ಒತ್ತು ಪೂರ್ತಿಯಾಗಿ ಸೌರ ವಿದ್ಯುತ್ತಿನ ಮೇಲೆ. 2024ರ ಪಿ.ಎಂ. ಸೂರ್ಯ ಘರ್ ಯೋಜನೆ ಒಂದು ಕೋಟಿ ಮನೆಗಳ ಮಾಡಿಗೆ ವಿದ್ಯುತ್ ಫಲಕ ಕೂರಿಸಲು 75,000 ಕೋಟಿ ರೂಪಾಯಿಗೂ ಮೀರಿದ ಮೊತ್ತ ಇಟ್ಟಿತು. ಅದರಲ್ಲಿಯೂ ಬಿಸಿನೀರಿಗೆ ಜಾಗವಿಲ್ಲ. ಬಿಸಿಲಿನಿಂದ ವಿದ್ಯುತ್ ಮಾಡಿ, ಆ ವಿದ್ಯುತ್ತಿನಿಂದ ಗೀಸರ್ ಉರಿಸಿ ನೀರು ಕಾಯಿಸುವುದಕ್ಕಿಂತ, ಬಿಸಿಲಿನಿಂದಲೇ ನೀರು ಕಾಯಿಸುವುದು ಕಡಿಮೆ ಜಾಗದಲ್ಲಿ, ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ. ಆದರೆ ತಾಮ್ರದ ಕೊಳವೆಗೆ ಬೆಸುಗೆ ಹಾಕುವುದರಲ್ಲಿ ಉದ್ಘಾಟನೆಯ ಸೊಬಗು ಇಲ್ಲವೆಂದು ತೋರುತ್ತದೆ.

ಕರ್ನಾಟಕ ಈ ವಿಷಯದಲ್ಲಿ ಒಂದು ಕಾಲದಲ್ಲಿ ದೇಶಕ್ಕೇ ಮುಂದಿತ್ತು. 2007ರ ನವೆಂಬರ್‌ನ ಸರ್ಕಾರಿ ಆದೇಶ ನಗರಗಳ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರನ್ನು ಕಡ್ಡಾಯ ಮಾಡಿತು. ಬೆಂಗಳೂರಿನ ತಾರಸಿಗಳ ಮೇಲೆ ಇಂದು ಕಾಣುವ ಟ್ಯಾಂಕುಗಳ ಸಾಲಿಗೆ ಈ ಆದೇಶವೂ ವಿದ್ಯುತ್ ಬಿಲ್ಲಿನಲ್ಲಿ ಸಿಗುತ್ತಿದ್ದ ಸಣ್ಣ ರಿಯಾಯಿತಿಯೂ ಕಾರಣ. 2023ರಲ್ಲಿ ಗೃಹಜ್ಯೋತಿ ಬಂದಿತು. ಬಡವರ ಮನೆಯ ದೀಪ ಉರಿಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಉಚಿತ ಯೂನಿಟ್‌ಗಳನ್ನು ನಿಗದಿ ಮಾಡಿದ್ದು 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ. ಸೋಲಾರ್ ಹಾಕಿಸಿ ಕರೆಂಟು ಉಳಿಸಿದವನ ಸರಾಸರಿ ಕಡಿಮೆ, ಅವನಿಗೆ ಉಚಿತವೂ ಕಡಿಮೆ. ಗೀಸರ್ ಉರಿಸಿದವನ ಸರಾಸರಿ ಹೆಚ್ಚು, ಅವನಿಗೆ ಉಚಿತವೂ ಹೆಚ್ಚು. 200 ಯೂನಿಟ್‌ಗಳ ಒಳಗೆ ಗೀಸರ್ ನಡೆಯುತ್ತಿರುವ ಮನೆಯವನು ಸಾವಿರಾರು ರೂಪಾಯಿ ಕೊಟ್ಟು ಸೋಲಾರ್ ಏಕೆ ದುರಸ್ತಿ ಮಾಡಿಸಿಯಾನು? ದುರಸ್ತಿಗೆ ಗಿರಾಕಿಯಿಲ್ಲದ ಮೇಲೆ ದುರಸ್ತಿ ಮಾಡುವವನು ಊರಿನಲ್ಲಿ ಏಕೆ ಕುಳಿತಾನು? ವಲಸೆಯ ಕಾರಣಗಳನ್ನು ದುಬೈಯಲ್ಲಿ ಮಾತ್ರ ಹುಡುಕಿದರೆ ಸಾಲದು.

ಇದಕ್ಕೂ ನಮ್ಮ ಕಣಿವೆಗಳಿಗೂ ಇರುವ ಸಂಬಂಧವನ್ನು ಒಂದು ಸಣ್ಣ ಗುಣಾಕಾರ ತೋರಿಸುತ್ತದೆ. ಒಂದು ಗೀಸರಿನ ಸಾಮರ್ಥ್ಯ ಎರಡು ಕಿಲೋವಾಟ್. ಬೆಳಗಿನ ಹೊತ್ತು ಹತ್ತು ಲಕ್ಷ ಗೀಸರುಗಳು ಒಟ್ಟಿಗೆ ಉರಿದರೆ 2,000 ಮೆಗಾವಾಟ್. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಡಲಿನಲ್ಲಿ, ರೂಪಿಸಿದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾಮರ್ಥ್ಯವೂ 2,000 ಮೆಗಾವಾಟ್. ಎಲ್ಲ ಗೀಸರುಗಳೂ ಒಂದೇ ಕ್ಷಣದಲ್ಲಿ ಉರಿಯುವುದಿಲ್ಲ, ಆ ಯೋಜನೆಗೆ ಕೊಡುವ ಕಾರಣವೂ ಅದೊಂದೇ ಅಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಬೇಡಿಕೆಯ ಶಿಖರವನ್ನು ತೋರಿಸಿ ನಮ್ಮ ಕಾಡನ್ನು ಕೇಳುವಾಗ, ಆ ಶಿಖರ ಯಾವುದರಿಂದ ಎದ್ದಿದೆ ಎಂದು ಕೇಳುವ ಹಕ್ಕು ನಮಗಿದೆ. ಮತ್ತು ಹಾಗೆ ಕೇಳುವ ನಮ್ಮ ಮನೆಯಲ್ಲಿ ಸೋಲಾರ್ ಟ್ಯಾಂಕು ಕೆಟ್ಟು ಕುಳಿತಿದ್ದರೆ ದನಿ ಸ್ವಲ್ಪ ಕುಗ್ಗುವುದು ಸಹಜ.

ಹಾಗಾದರೆ ಮಾಡಬೇಕಾದುದೇನು? ನಾನು ಹೊಸದೇನನ್ನೂ ಹೇಳುತ್ತಿಲ್ಲ. ಮರ ಹತ್ತುವವರ ಕೊರತೆ ತೀವ್ರವಾದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಆರಂಭಿಸಿತು. ಕೆಲವೇ ದಿನಗಳ ಕಲಿಕೆ, ಏರುವ ಯಂತ್ರ, ಅಪಘಾತ ವಿಮೆ. ಕೀಳೆಂದು ಬಿಟ್ಟಿದ್ದ ಕೆಲಸಕ್ಕೆ ಹೆಣ್ಣುಮಕ್ಕಳೂ ಬಂದರು. ಅದರಿಂದ ಕೊರತೆ ಪೂರ್ತಿ ನೀಗಲಿಲ್ಲ. ಆದರೆ ಕೆಲಸಕ್ಕೊಂದು ಹೆಸರು, ಯಂತ್ರ, ವಿಮೆ ಬಂದರೆ ಜನ ಬರುತ್ತಾರೆಂಬುದು ಸಿದ್ಧವಾಯಿತು. ಬಿಸಿನೀರಿಗೂ ಇಂಥದ್ದೇ ದಾರಿ ಬೇಕು. ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯ ಸ್ವ-ಉದ್ಯೋಗ ತರಬೇತಿ ಕೇಂದ್ರಗಳು ಇಂದು ಜಿಲ್ಲೆ ಜಿಲ್ಲೆಯಲ್ಲಿವೆ. ಊಟ ವಸತಿಯೊಂದಿಗೆ ಅಲ್ಲಿ ತರಬೇತಿ ಉಚಿತ. ಸೌರ ಬಿಸಿನೀರಿನ ಜೋಡಣೆ ಮತ್ತು ದುರಸ್ತಿಯ ತರಬೇತಿಯನ್ನು, ಮಲೆನಾಡಿನ ನೀರು ಮತ್ತು ಮಾಡಿಗೆ ತಕ್ಕಂತೆ, ಅಲ್ಲಿ ಕೇಳಿ ಪಡೆಯಬಹುದು.

ಇನ್ನು ಕೆಲಸ ಕೊಡುವುದು ನಮ್ಮ ಸಹಕಾರ ಸಂಘಗಳಿಗೆ ಸಾಧ್ಯ. ಗೊಬ್ಬರ, ಮೈಲುತುತ್ತ, ಸುಣ್ಣ ಮಾರುವ ಪ್ರಾಥಮಿಕ ಸಂಘವೊಂದು ಇಬ್ಬರು ಕುಶಲಕರ್ಮಿಗಳನ್ನು ಸಂಬಳದ ಮೇಲೆ ಇಟ್ಟುಕೊಳ್ಳಲಿ. ಸದಸ್ಯರ ಮನೆಗಳಿಗೆ ವರ್ಷಕ್ಕೆ ಎರಡು ಭೇಟಿ: ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ, ಬೇಸಿಗೆಯ ಕೊನೆಗೆ ಮೇ ತಿಂಗಳಿನಲ್ಲಿ ಒಮ್ಮೆ. ವಾಷರು, ಗಾಜಿನ ಕೊಳವೆ, ಮೆಗ್ನೀಸಿಯಂ ಸರಳು ಸಂಘದ ಮಳಿಗೆಯಲ್ಲೇ ಇರಲಿ. ಶುಲ್ಕ ಸದಸ್ಯರ ಖಾತೆಯಿಂದ ಅಡಿಕೆಯ ಲೆಕ್ಕದ ಜೊತೆಗೇ ಮುರಿದುಕೊಳ್ಳಲಿ. ಆಗ ಕುಶಲಕರ್ಮಿ ಮನೆ ಮನೆಗೆ ಕೂಲಿ ಬೇಡುತ್ತ ತಿರುಗಬೇಕಾಗಿಲ್ಲ. ಬಿಸಿನೀರು ಇಲ್ಲದ ದಿನಗಳಲ್ಲಿ ಹನಿ ನೀರಾವರಿ, ಪಂಪು, ಗೋಬರ್ ಗ್ಯಾಸ್ ಗುಂಡಿಗಳ ಕೆಲಸ ಹೇಗೂ ಇದೆ. 1995ರಿಂದ ಗ್ರಾಮೀಣ ಕರ್ನಾಟಕದಲ್ಲಿ ಸೌರ ದೀಪ ಹರಡಿದ ಸೆಲ್ಕೊ ಸಂಸ್ಥೆ ಉಳಿದು ಬೆಳೆದದ್ದು ದೀಪ ಮಾರಿದ್ದರಿಂದಲ್ಲ, ಹತ್ತಿರದಲ್ಲೊಂದು ಶಾಖೆಯಿಟ್ಟು ಕೆಟ್ಟ ದೀಪವನ್ನು ರಿಪೇರಿ ಮಾಡಿಕೊಟ್ಟಿದ್ದರಿಂದ.

"ತರಬೇತಿ ಕೊಟ್ಟರೆ ಕಲಿತು ಅವರೂ ಹೊರಟುಬಿಡುತ್ತಾರೆ" ಎಂಬ ಆಕ್ಷೇಪ ಬರುತ್ತದೆ. ಬರಲಿ. ಕೆಲವರು ಹೋಗುತ್ತಾರೆ, ಹೋಗಲಿ. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಸಾರ್ವಜನಿಕ ಹಣದಿಂದ ಓದಿದವರಲ್ಲಿ ಹೊಲಕ್ಕೆ ಮರಳಿದವರೆಷ್ಟು? ಅವರನ್ನು ಕೇಳದ ಪ್ರಶ್ನೆಯನ್ನು ಆರು ವಾರ ಬೆಸುಗೆ ಕಲಿತವನಿಗೆ ಕೇಳುವುದು ಸರಿಯಲ್ಲ. ಹತ್ತು ಜನ ಕಲಿತರೆ ಆರು ಜನ ಹೋಗಬಹುದು, ನಾಲ್ವರು ಉಳಿಯಬಹುದು. ಈಗ ಒಬ್ಬನೂ ಇಲ್ಲ. ಹೋದವರೂ ಒಂದು ದಿನ ಮರಳುತ್ತಾರೆ. ಕೊಲ್ಲಿಯ ದೇಶಗಳು ಯಾರನ್ನೂ ಕೊನೆಯವರೆಗೆ ಇಟ್ಟುಕೊಳ್ಳುವುದಿಲ್ಲ. ಹದಿನೈದು ವರ್ಷದ ಅನುಭವದೊಡನೆ ಮರಳುವ ಆ ಕೈಗಳಿಗೆ ಊರಿನಲ್ಲಿ ಕೆಲಸ ಕಾಯ್ದಿರಿಸುವುದೂ ಸಂಘದ ಹೊಣೆಯಾಗಬೇಕು.

ಆದರೆ ಆತುರ ಬೇಡ. 2009ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ಸರ್ಕಾರ ಆರ್ಥಿಕ ಹಿಂಜರಿತ ಎದುರಿಸಲು ಮನೆಗಳ ಶಕ್ತಿ ಉಳಿತಾಯಕ್ಕೆಂದು ದೊಡ್ಡ ಮೊತ್ತ ಘೋಷಿಸಿತು. ಸೋಲಾರ್ ಬಿಸಿನೀರಿಗೆ 1,600 ಡಾಲರ್ ರಿಯಾಯಿತಿಯೂ ಮಾಡಿನೊಳಗೆ ಶಾಖನಿರೋಧಕ ಹೊದಿಸುವ ಕಾರ್ಯಕ್ರಮವೂ ಅದರಲ್ಲಿದ್ದವು. ರಾತ್ರೋರಾತ್ರಿ ಹೊದಿಕೆಯ ಕೆಲಸಕ್ಕೆ ಬೇಡಿಕೆ ಹುಟ್ಟಿತು. ಸರಿಯಾದ ತರಬೇತಿಯಿಲ್ಲದ ಹುಡುಗರನ್ನು ಮಾಡಿನೊಳಗೆ ಕಳುಹಿಸಲಾಯಿತು. ನಾಲ್ವರು ಯುವ ಕೆಲಸಗಾರರು ಸತ್ತರು. ಮೂವರಿಗೆ ವಿದ್ಯುತ್ ಆಘಾತ, ಒಬ್ಬನಿಗೆ ತಾಪದ ಹೊಡೆತ. ಒಂದೇ ವರ್ಷದಲ್ಲಿ, 2010ರ ಫೆಬ್ರವರಿಯಲ್ಲಿ, ಹೊದಿಕೆಯ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ಪರಿಸರದ ಹೆಸರಿನ ಕೆಲಸವೆಂದ ಮಾತ್ರಕ್ಕೆ ಕೆಲಸಗಾರನ ಜೀವಕ್ಕೆ ರಕ್ಷಣೆ ತಾನಾಗಿ ಬರುವುದಿಲ್ಲ. ಪಾಚಿ ಕಟ್ಟಿದ ನಮ್ಮ ಹಂಚಿನ ಮಾಡುಗಳ ಮೇಲೆ ಹಗ್ಗವಿಲ್ಲದೆ, ಬರಿಗಾಲಿನಲ್ಲಿ ಹತ್ತಿಸುವುದನ್ನು ನಾವು ಇಂದೇ ನಿಲ್ಲಿಸಬೇಕು.

ಈ ಬಾರಿಯ ವಾರ್ಷಿಕ ಮಹಾಸಭೆಯಲ್ಲಿ ನಮ್ಮ ಸಂಘದ ಮುಂದೆ ಈ ವಿಷಯ ಇಡಲು ಕೆಲವರು ಸೇರಿ ಪತ್ರ ಬರೆದಿದ್ದೇವೆ. ಓದುಗರು ತಮ್ಮ ತಮ್ಮ ಸಂಘಗಳಲ್ಲಿಯೂ ಇದನ್ನು ಎತ್ತಬೇಕೆಂದು ಕೋರುತ್ತೇನೆ; ಒಪ್ಪಿದರೆ, ಒಪ್ಪದಿದ್ದರೆ, ಯಾವ ಕಾರಣಕ್ಕೆ ಎಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿ. ನಮ್ಮ ದುಬೈ ಯುವಕ ದೀಪಾವಳಿಗೆ ಹದಿನೆಂಟು ದಿನದ ರಜೆಯಲ್ಲಿ ಬರುತ್ತಾನಂತೆ. ಕೇರಿಯಲ್ಲಿ ಆಗಲೇ ಪಟ್ಟಿ ಬರೆಯುತ್ತಿದ್ದಾರೆ. ಯಾರ ಟ್ಯಾಂಕು ಮೊದಲು ಎಂಬ ಬಗ್ಗೆ ಸಣ್ಣ ಜಗಳವೂ ಆಗಿದೆ. ಆತನ ಅಮ್ಮ ಮೊನ್ನೆ ಸಿಕ್ಕಿದ್ದರು. "ಎಲ್ಲರ ಮನೆಯದ್ದೂ ಮಾಡಲಿ ಮಾರಾಯ್ರೆ, ನಮ್ಮ ಮನೆಯದ್ದೂ ಕೆಟ್ಟು ವರ್ಷವಾಯಿತು" ಎಂದರು.